ತಾಯಿ ಅಥವಾ ತಂದೆಗೆ ಕ್ಯಾನ್ಸರ್: ಚಿಕ್ಕ ಮಕ್ಕಳಿಗೆ ತಿಳಿಸುವ ಬಗೆ

ತಾಯಿಗೋ ತಂದೆಗೋ ಕ್ಯಾನ್ಸರ್ ಇರುವುದು ದೃಢಪಟ್ಟಾಗ, ‘ಮಗು ಚಿಕ್ಕದು, ಅದಕ್ಕೇನು ತಿಳಿಯುತ್ತದೆ’ ಎಂದು ಹಿರಿಯರು ವಿಷಯವನ್ನು ಮುಚ್ಚಿಡುವುದು ಸಾಮಾನ್ಯ. ಆದರೆ ಮನೆಯ ಪಿಸುಮಾತು, ಕಣ್ಣೀರು, ಆಸ್ಪತ್ರೆಯ ಓಡಾಟಗಳನ್ನು ಮಗು ಗಮನಿಸುತ್ತಲೇ ಇರುತ್ತದೆ. ಕಾರಣ ತಿಳಿಯದ ಮಗು, ‘ನಾನು ಹಟ ಮಾಡಿದ್ದರಿಂದಲೇ ಅಮ್ಮನಿಗೆ ಹೀಗಾಯಿತು’ ಎಂದು ತನ್ನನ್ನೇ ದೂಷಿಸಿಕೊಳ್ಳುವುದುಂಟು.

ಆದ್ದರಿಂದ ಸಾಧ್ಯವಾದರೆ ತಂದೆತಾಯಿಯೇ, ಇಲ್ಲವಾದರೆ ಮಗುವಿಗೆ ಹತ್ತಿರದವರೊಬ್ಬರು, ರೋಗದ ಹೆಸರನ್ನು ಹೇಳಿ ಸರಳವಾಗಿ ತಿಳಿಸುವುದು ಒಳಿತು. ಮೂರು ಸಂಗತಿಗಳು ಮಗುವಿಗೆ ಸ್ಪಷ್ಟವಾಗಬೇಕು: ಈ ರೋಗ ಅದರಿಂದ ಬಂದುದಲ್ಲ, ಮುಟ್ಟಿದರೆ, ಜೊತೆಯಲ್ಲಿ ಉಂಡರೆ ಹರಡುವುದಿಲ್ಲ, ಅದನ್ನು ನೋಡಿಕೊಳ್ಳಲು ಇಂಥವರಿದ್ದಾರೆ. ಕಿಮೊಥೆರಪಿಯಿಂದ ಕೂದಲು ಉದುರಬಹುದೆಂದು ಮೊದಲೇ ಹೇಳಿದರೆ ಮಗುವಿನ ಹೆದರಿಕೆ ಕಡಿಮೆಯಾಗುತ್ತದೆ. ‘ಅಮ್ಮ ಸಾಯುತ್ತಾಳಾ?’ ಎಂದು ಕೇಳಿದರೆ ಗದರಿಸಬಾರದು. ಹುಸಿ ಭರವಸೆಯನ್ನೂ ನೀಡಬಾರದು. ‘ಗುಣವಾಗಲೆಂದು ಡಾಕ್ಟರು ಔಷಧ ಕೊಡುತ್ತಿದ್ದಾರೆ. ಏನಾದರೂ ಬದಲಾದರೆ ನಿನಗೆ ಹೇಳುತ್ತೇವೆ’ ಎಂಬ ಉತ್ತರ ಸಾಕು.

ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂತಹ ದೂರದ ಆಸ್ಪತ್ರೆಗೆ ಪೋಷಕರು ತೆರಳಿದಾಗ ಮಗು ಯಾರ ಬಳಿ ಇದೆ, ಅಂಗನವಾಡಿಗೆ ಅಥವಾ ಶಾಲೆಗೆ ಹೋಗುತ್ತಿದೆಯೇ ಎಂಬುದನ್ನು ಸದಸ್ಯರು ಆಶಾ ಕಾರ್ಯಕರ್ತೆಯ ಮೂಲಕ ವಿಚಾರಿಸಬಹುದು. ‘ಕರ್ಮಫಲ’, ‘ಅಂಟುರೋಗ’ ಎಂಬ ಮಾತುಗಳು ಊರಿನಲ್ಲಿ ಹಬ್ಬದಂತೆ ತಡೆಯುವುದೂ ಅವರಿಂದ ಸಾಧ್ಯ. ಮಗು ಊಟ, ನಿದ್ರೆ, ಆಟ ಬಿಟ್ಟು ಮಂಕಾಗಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಉಚಿತ ಸಲಹೆ ಪಡೆಯುವಂತೆ ಮನೆಯವರಿಗೆ ತಿಳಿಸಬೇಕು. ಆರೈಕೆಗೆ ಯಾರೂ ಇಲ್ಲದಿದ್ದಲ್ಲಿ ಮಕ್ಕಳ ಸಹಾಯವಾಣಿ 1098 ಅನ್ನು ಸಂಪರ್ಕಿಸಬೇಕು.