ಎಳೆಯರ ಆಸ್ತಿಗೆ ಕಾವಲು ಯಾರು?

ಮಗುವಿನ ಜ್ಞಾನಸ್ನಾನಕ್ಕೆ ಜ್ಞಾನಪಿತ, ಜ್ಞಾನಮಾತೆಯರನ್ನು ಆರಿಸುವಾಗ ತಂದೆತಾಯಿಗಳು ಬಹಳ ಯೋಚಿಸುತ್ತಾರೆ. ಅವರ ಹೆಸರು ಧರ್ಮಕೇಂದ್ರದ ದಾಖಲೆಯಲ್ಲಿ ಸೇರುತ್ತದೆ. ಆದರೆ ತಾವಿಬ್ಬರೂ ಇಲ್ಲವಾದರೆ ಅದೇ ಮಗುವಿನ ಮನೆ, ತೋಟ, ಠೇವಣಿಗಳನ್ನು ಕಾಯುವವರು ಯಾರೆಂಬ ಪ್ರಶ್ನೆಯನ್ನು ಮುಂದೂಡುತ್ತಾರೆ. ಸಾವಿನ ಮಾತೆತ್ತುವುದೇ ಅಪಶಕುನವೆಂಬ ಭಾವನೆ ಪುನರುತ್ಥಾನವನ್ನು ವಿಶ್ವಾಸಿಸುವವರಿಗೆ ಶೋಭಿಸದು.

ಕ್ರೈಸ್ತರು ಉಯಿಲು ಬರೆಯದೆ ಮೃತರಾದರೆ 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮ ಅನ್ವಯಿಸುತ್ತದೆ. ಪತಿ ತೀರಿಕೊಂಡರೆ ಆಸ್ತಿಯ ಮೂರನೆಯ ಒಂದು ಭಾಗ ಪತ್ನಿಗೆ. ಉಳಿದುದು ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮನಾಗಿ. ಆದರೆ ಹಕ್ಕು ಬೇರೆ, ಅದನ್ನು ನಿರ್ವಹಿಸುವ ಸಾಮರ್ಥ್ಯ ಬೇರೆ. ಆರು ವರ್ಷದ ಮಗು ತೋಟದ ಒಡೆಯನಾಗಬಲ್ಲದು, ಅಡಿಕೆಯ ಲೆಕ್ಕ ಕೇಳಲಾರದು. ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗಾಗಿ ಬಂಧುಗಳು 1890ರ ಪಾಲಕರು ಮತ್ತು ಪಾಲ್ಯರ ಅಧಿನಿಯಮದಂತೆ ನ್ಯಾಯಾಲಯದ ಮೊರೆಹೋಗಬೇಕಾಗುತ್ತದೆ. ನ್ಯಾಯಾಲಯ ನೇಮಿಸಿದ ಪಾಲಕರು ಅದರ ಅನುಮತಿಯಿಲ್ಲದೆ ಭೂಮಿಯನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ. ಯಾರೂ ಅಲ್ಲಿಗೆ ಹೋಗದಿದ್ದರೆ ಆಸ್ತಿ ಹತ್ತಿರದವರ ಕೈವಶವಾಗುತ್ತದೆ. ಅವರೆಲ್ಲ ದುಷ್ಟರೇನಲ್ಲ. ಅನಾಥರನ್ನು ಪ್ರೀತಿಯಿಂದ ಸಾಕಿದ ಚಿಕ್ಕಪ್ಪನೇ, ಬರೆದಿಟ್ಟ ಲೆಕ್ಕವಿಲ್ಲದ ಕಾರಣ, ಹದಿನೈದು ವರ್ಷಗಳ ಬಳಿಕ ಕಳ್ಳನೆನಿಸಿಕೊಳ್ಳುವುದುಂಟು.

ಇದಕ್ಕೊಂದು ಪರಿಹಾರ 1882ರ ಭಾರತೀಯ ಟ್ರಸ್ಟ್ ಅಧಿನಿಯಮದಲ್ಲಿದೆ. ತಂದೆತಾಯಿಗಳು ಆಸ್ತಿಯನ್ನು ನಂಬಿಕಸ್ಥ ಟ್ರಸ್ಟಿಗಳಿಗೆ ವಹಿಸುತ್ತಾರೆ, ಪ್ರಯೋಜನವೆಲ್ಲ ಮಕ್ಕಳಿಗೆ. ಸ್ವತ್ತನ್ನು ನಿರ್ವಹಿಸುವ ಅಧಿಕಾರ ಹಾಗೂ ಅದರ ಬಳಕೆ ಎರಡೂ ಒಂದೇ ಅಲ್ಲವೆಂದು ಸಂತ ಥಾಮಸ್ ಅಕ್ವಿನಾಸರು ಹದಿಮೂರನೆಯ ಶತಮಾನದಲ್ಲೇ ವಿವೇಚಿಸಿದ್ದರು. ಟ್ರಸ್ಟಿನ ತಿರುಳೂ ಇಂಥದೊಂದು ವಿಂಗಡಣೆಯೇ. ಆದಾಯವನ್ನು ಮಗುವಿನ ಪೋಷಣೆ, ವಿದ್ಯಾಭ್ಯಾಸಗಳಿಗೆ ವಿನಿಯೋಗಿಸಲು ಟ್ರಸ್ಟಿಗೆ ಅಧಿಕಾರವುಂಟು. ಆದರೆ ಅವನು ಆಸ್ತಿಯಿಂದ ಸ್ವಂತ ಲಾಭ ಪಡೆಯುವಂತಿಲ್ಲ. ಸ್ಪಷ್ಟವಾದ ಲೆಕ್ಕ ಇಡಲೇಬೇಕು. ಈ ಲೆಕ್ಕವು ಮಗುವಿಗೆ ರಕ್ಷೆ, ಪ್ರಾಮಾಣಿಕ ಚಿಕ್ಕಪ್ಪನಿಗೂ ರಕ್ಷೆ.

ಟ್ರಸ್ಟನ್ನು ಉಯಿಲಿನ ಮೂಲಕವೂ ಸ್ಥಾಪಿಸಬಹುದು, ಜೀವಿತಕಾಲದಲ್ಲೇ ಪತ್ರದ ಮೂಲಕವೂ ಸ್ಥಾಪಿಸಬಹುದು. ಸ್ಥಿರಾಸ್ತಿಗೆ ಸಂಬಂಧಿಸಿದ ಪತ್ರವಾದರೆ ಸಹಿ ಹಾಗೂ ನೋಂದಣಿ ಕಡ್ಡಾಯ. ರದ್ದುಪಡಿಸುವ ಅಧಿಕಾರವನ್ನು ಅದರಲ್ಲಿ ಸ್ಪಷ್ಟವಾಗಿ ಉಳಿಸಿಕೊಳ್ಳದಿದ್ದರೆ ಮನಸ್ಸು ಬದಲಾದಾಗ ಹಿಂದೆಗೆಯಲಾಗದು. ಉಯಿಲನ್ನಾದರೋ ಬದುಕಿರುವವರೆಗೂ ಬದಲಿಸಬಹುದು. ಅದಕ್ಕೆ ಇಬ್ಬರು ಸಾಕ್ಷಿಗಳು ಬೇಕು. ಸಾಕ್ಷಿ ಹಾಕಿದವರಿಗಾಗಲಿ ಅವರ ಪತಿ ಪತ್ನಿಯರಿಗಾಗಲಿ ಅದರಲ್ಲಿ ಬರೆದ ಕೊಡುಗೆ ಅಸಿಂಧು.

ಉತ್ತರಾಧಿಕಾರಿಯು ಬಾಲಕನಾಗಿರುವವರೆಗೆ, ತಂದೆ ಗೊತ್ತುಪಡಿಸಿದ ಕಾಲದ ತನಕ, ಪಾಲಕರ ಅಧೀನದಲ್ಲಿರುತ್ತಾನೆಂಬ ಹೋಲಿಕೆಯನ್ನು ಸಂತ ಪೌಲರು ಗಲಾತ್ಯರಿಗೆ ಬರೆದ ಪತ್ರದ 4ನೆಯ ಅಧ್ಯಾಯದಲ್ಲಿ ಕಾಣುತ್ತೇವೆ. ಆ ಕಾಲವನ್ನು ಇಪ್ಪತ್ತೈದು ವರ್ಷವೆಂದು ಗೊತ್ತುಪಡಿಸಲು ಅನೇಕ ಪಾಲಕರು ಬಯಸುತ್ತಾರೆ. ಆದರೆ ಫಲಾನುಭವಿಗಳೆಲ್ಲರೂ ಪ್ರಾಪ್ತ ವಯಸ್ಕರಾಗಿ ಒಮ್ಮತದಿಂದ ಕೇಳಿದರೆ ಆಸ್ತಿಯನ್ನು ಒಪ್ಪಿಸಬೇಕೆಂಬ ನಿಯಮವೂ ಇದೆ. ಆದುದರಿಂದ ಪತ್ರದ ಒಕ್ಕಣೆಯನ್ನು ಅನುಭವಿ ವಕೀಲರಿಂದಲೇ ಸಿದ್ಧಪಡಿಸಬೇಕು.

ಮಗುವನ್ನು ಸಾಕುವವರು, ಆಸ್ತಿಯನ್ನು ಕಾಯುವವರು ಒಬ್ಬರೇ ಆಗದಿರುವುದು ಲೇಸು. ಇಬ್ಬರು ಟ್ರಸ್ಟಿಗಳಿದ್ದು, ಅವರ ನಂತರ ಯಾರೆಂಬುದೂ ಪತ್ರದಲ್ಲಿರಲಿ. ಹೆಸರು ಬರೆಯುವ ಮುನ್ನ ಅವರ ಒಪ್ಪಿಗೆ ಕೇಳಿರಿ. ಹೊಣೆ ಹೊರಲು ಯಾರನ್ನೂ ಬಲವಂತಪಡಿಸಲಾಗದು.

ಪ್ರಿಯ ಓದುಗರೇ, ಮನೆಯಲ್ಲಿ ಎಳೆಯ ಮಕ್ಕಳಿದ್ದರೆ ಈ ಭಾನುವಾರ ಬಲಿಪೂಜೆ ಮುಗಿಸಿ ಬಂದ ಮೇಲೆ ದಂಪತಿಗಳು ಕುಳಿತು ಆ ಹೆಸರುಗಳನ್ನು ಚರ್ಚಿಸಿರಿ. ಆಸ್ತಿ ಸಣ್ಣದೆಂದು ಸುಮ್ಮನಿರಬೇಡಿರಿ. ಹತ್ತು ಸೆಂಟ್ಸ್ ಜಾಗ, ಒಂದು ಹಂಚಿನ ಮನೆಯಾದರೂ ಅನಾಥ ಮಗುವಿಗೆ ಅದೇ ಸರ್ವಸ್ವ.