ಆಕಾಶದ ಹೇನು

ವಿಮಾನವೆಂಬುದು ಸರ್ಕಾರಗಳಿಗೂ ಸೈನ್ಯಗಳಿಗೂ ಧನಿಕರಿಗೂ ಮಾತ್ರ ಸಲ್ಲತಕ್ಕ ವಸ್ತುವೆಂದು ಲೋಕವೆಲ್ಲ ನಂಬಿದ್ದ ಕಾಲದಲ್ಲಿ, ಸಾಧಾರಣವಾದ ಮರಗೆಲಸ ಬಲ್ಲ ಯಾವ ಗೃಹಸ್ಥನಾದರೂ ಮಿತವಾದ ವೆಚ್ಚದಲ್ಲಿ ತನ್ನ ಮನೆಯಲ್ಲಿಯೇ ವಿಮಾನವೊಂದನ್ನು ಕಟ್ಟಿ, ಅದರಲ್ಲಿ ಕುಳಿತು ಹಾರಲು ತಾನೇ ಕಲಿಯಬಹುದೆಂದು ಸಾರಿದವನು ಫ್ರಾನ್ಸಿನ ಆನ್ರಿ ಮಿನ್ಯೆ. 1933ರ ಸೆಪ್ಟೆಂಬರಿನಲ್ಲಿ ಆತನ ಎಚ್.ಎಂ.14 ಎಂಬ ಪುಟ್ಟ ಯಂತ್ರವು ಮೊದಲ ಬಾರಿಗೆ ನೆಲ ಬಿಟ್ಟಿತು. ಮರುವರ್ಷ ಅದರ ನಕ್ಷೆಗಳನ್ನೂ ಕಟ್ಟುವ ಕ್ರಮವನ್ನೂ ಒಳಗೊಂಡ ಆತನ ಪುಸ್ತಕ ಪ್ರಕಟವಾಯಿತು. ಯಂತ್ರಕ್ಕೆ ಆತನು ವಿನೋದವಾಗಿ ಇಟ್ಟ ಹೆಸರು 'ಪೂ ದು ಸಿಯೆಲ್', ಎಂದರೆ ಆಕಾಶದ ಹೇನು.

ಸಾಮಾನ್ಯ ವಿಮಾನವನ್ನು ನಡೆಸುವವನ ಕೈಕಾಲುಗಳಿಗೆ ಏಕಕಾಲದಲ್ಲಿ ಮೂರು ಕರ್ತವ್ಯಗಳುಂಟು. ಬಾಲದ ಅಡ್ಡಪಟ್ಟಿಯಿಂದ ಮೂಗನ್ನು ಮೇಲೆ ಕೆಳಗೆ ಮಾಡಬೇಕು. ರೆಕ್ಕೆಯ ತುದಿಗಳಲ್ಲಿರುವ ಐಲೆರಾನುಗಳೆಂಬ ಪಟ್ಟಿಗಳಿಂದ ದೇಹವನ್ನು ಎಡಬಲಕ್ಕೆ ವಾಲಿಸಬೇಕು. ಕಾಲಿನ ಪೆಡಲುಗಳಿಂದ ಚುಕ್ಕಾಣಿಯನ್ನು ತಿರುಗಿಸಬೇಕು. ಈ ಮೂರನ್ನೂ ಹದವರಿತು ಕೂಡಿಸದೆ, ವೇಗ ತಗ್ಗಿದಾಗ ಮೂಗನ್ನು ಅತಿಯಾಗಿ ಎತ್ತಿದರೆ, ಒಂದು ರೆಕ್ಕೆ ತನ್ನ ಎತ್ತುಬಲವನ್ನು ಮೊದಲು ಕಳೆದುಕೊಂಡು ವಿಮಾನವು ಗಿರಗಿರನೆ ಸುತ್ತುತ್ತ ಬೀಳುವುದು. ಈ ಕೌಶಲವು ತನಗೇ ಸುಲಭವಾಗಿ ಒಲಿಯದಿದ್ದುದರಿಂದ, ಮನುಷ್ಯನನ್ನು ತಿದ್ದುವುದಕ್ಕಿಂತ ಯಂತ್ರವನ್ನು ತಿದ್ದುವುದೇ ಲೇಸೆಂದು ಮಿನ್ಯೆ ನಿಶ್ಚಯಿಸಿದನು.

ಆತನು ಪೆಡಲುಗಳನ್ನೂ ಐಲೆರಾನುಗಳನ್ನೂ ಕಿತ್ತುಹಾಕಿದನು. ಒಂದರ ಹಿಂದೊಂದು ಇರುವಂತೆ ಎರಡು ರೆಕ್ಕೆಗಳನ್ನಿಟ್ಟು, ಸುಮಾರು 6 ಮೀಟರ್ ಅಗಲದ ಮುಂದಿನದನ್ನು ಚಾಲಕನ ತಲೆಯ ಮೇಲೆ ಕೀಲಿನಲ್ಲಿ ಆಡುವಂತೆಯೂ, ಕಿರಿದಾದ ಹಿಂದಿನದನ್ನು ದೇಹಕ್ಕೆ ಬಿಗಿದಂತೆಯೂ ರಚಿಸಿದನು. ಹಿಡಿಕೋಲನ್ನು ಹಿಂದಕ್ಕೆಳೆದರೆ ಮುಂದಿನ ರೆಕ್ಕೆಯ ಹಿಂಬದಿಯಂಚು ಕೆಳಗಿಳಿದು, ಗಾಳಿಗೆ ಅದು ಒಡ್ಡುವ ಕೋನ ಹೆಚ್ಚಿ, ಮೂಗು ಮೇಲೇಳುವುದು. ಕೋಲನ್ನು ಪಕ್ಕಕ್ಕೆ ಸರಿಸಿದರೆ ದೊಡ್ಡ ಚುಕ್ಕಾಣಿ ಹೊರಳಿ, ಮೇಲ್ಬಾಗಿದ ರೆಕ್ಕೆಗಳ ಆಕಾರದ ದೆಸೆಯಿಂದ ವಿಮಾನವು ತಾನಾಗಿಯೇ ವಾಲಿಕೊಂಡು ತಿರುಗುವುದು. ಮರದ ಚೌಕಟ್ಟು, ಪ್ಲೈವುಡ್, ಅಂಟು, ಬಟ್ಟೆಯ ಹೊದಿಕೆ ಮತ್ತು 17 ಅಶ್ವಶಕ್ತಿಯ ಒಂದು ಎಂಜಿನ್: ಇಷ್ಟೇ ಅದರ ಸಾಮಗ್ರಿ.

ಈ ರಚನೆಯ ಮರ್ಮವೆಲ್ಲ ಇದ್ದುದು ಎರಡು ರೆಕ್ಕೆಗಳ ನಡುವಿನ ಕಿರಿದಾದ ಕಂಡಿಯಲ್ಲಿ. ಮುಂದಿನ ರೆಕ್ಕೆಯ ಹಿಂಬದಿಯಂಚು ಹಿಂದಿನ ರೆಕ್ಕೆಯ ಮುಂಬದಿಯಂಚಿನ ಮೇಲೆ ತುಸು ಚಾಚಿಕೊಂಡಿದ್ದುದರಿಂದ, ಕಾಲುವೆಯ ನೀರು ತೂಬಿನ ಬಾಯಲ್ಲಿ ರಭಸಗೊಳ್ಳುವಂತೆ, ಗಾಳಿಯು ಆ ಕಂಡಿಯಲ್ಲಿ ವೇಗವಾಗಿ ಹರಿದು ಹಿಂದಿನ ರೆಕ್ಕೆಯ ಬೆನ್ನಿಗೆ ಅಂಟಿಕೊಂಡೇ ಸಾಗುತ್ತಿತ್ತು. ಆದುದರಿಂದ ಕೋಲನ್ನು ಪೂರ್ತಿಯಾಗಿ ಹಿಂದಕ್ಕೆಳೆದು ವೇಗವನ್ನೆಲ್ಲ ಕಳೆದುಕೊಂಡರೂ ಯಂತ್ರವು ಸುತ್ತಿಬೀಳದೆ, ಮೆಲ್ಲನೆ ಕುಸಿಯುತ್ತ ನೆಲದ ಕಡೆಗೆ ಇಳಿಯುತ್ತಿತ್ತು.

1935ರಲ್ಲಿ ಪುಸ್ತಕದ ಇಂಗ್ಲಿಷ್ ಅನುವಾದವು ಹೊರಟಿತು. ಅದೇ ವರ್ಷದ ಆಗಸ್ಟಿನಲ್ಲಿ ಮಿನ್ಯೆ ಇಂಗ್ಲಿಷ್ ಕಡಲ್ಗಾಲುವೆಯನ್ನು ತನ್ನ ಯಂತ್ರದಲ್ಲಿಯೇ ದಾಟಿದನು. ಬ್ರಿಟನ್ನಿನ ಕೊಟ್ಟಿಗೆಗಳಲ್ಲಿಯೂ ಹಿತ್ತಿಲುಗಳಲ್ಲಿಯೂ ಗರಗಸದ ಸದ್ದು ಎದ್ದಿತು. ಆದರೆ ಸಂಭ್ರಮವು ತಣಿಯುವುದರೊಳಗೆ ಸಾವಿನ ಸುದ್ದಿಗಳು ಬರತೊಡಗಿದವು; ವಿಮಾನವು ಮೂಗು ಕೆಳಗಾಗಿ ಧುಮುಕಿ, ಮತ್ತೆ ಮೇಲೇಳದೆ ನೆಲಕ್ಕಪ್ಪಳಿಸಿತೆಂಬುದು ಅವುಗಳಲ್ಲಿ ಮರುಕಳಿಸುತ್ತಿದ್ದ ವೃತ್ತಾಂತ. ಇಂಗ್ಲೆಂಡಿನ ಫಾರ್ನ್‌ಬರೊ ಮತ್ತು ಫ್ರಾನ್ಸಿನ ಶಾಲೆ-ಮದೋಂ ಎಂಬಲ್ಲಿನ, ಇಡೀ ವಿಮಾನವೇ ಹಿಡಿಸುವಷ್ಟು ವಿಶಾಲವಾದ ವಾಯುಸುರಂಗಗಳಲ್ಲಿ ಯಂತ್ರವನ್ನು ನಿಲ್ಲಿಸಿ ಅಳೆದಾಗ ಕಾರಣ ಗೋಚರಿಸಿತು. ಕಡಿದಾಗಿ ಇಳಿಯುವ ಸ್ಥಿತಿಯಲ್ಲಿ ಚಾಲಕನು ಕೋಲನ್ನು ಹಿಂದಕ್ಕೆಳೆದರೆ ಕಂಡಿಯು ಇನ್ನಷ್ಟು ಕಿರಿದಾಗಿ, ಹಿಂದಿನ ರೆಕ್ಕೆಯ ಎತ್ತುಬಲವು ಮಿತಿಮೀರಿ ಬೆಳೆದು, ಬಾಲವನ್ನೆತ್ತಿ ಮೂಗನ್ನು ಕೆಳಕ್ಕೇ ಒತ್ತುತ್ತಿತ್ತು. ನಿಧಾನಗತಿಯಲ್ಲಿ ಪ್ರಾಣವನ್ನು ಕಾಯುತ್ತಿದ್ದ ಕಂಡಿಯೇ ಧುಮುಕುವಿಕೆಯಲ್ಲಿ ಪ್ರಾಣಹಾರಿಯಾಗಿತ್ತು. ಪಾರಾಗಬೇಕೆಂದು ಚಾಲಕನು ಪಟ್ಟ ಪ್ರಯತ್ನವೇ ಅವನನ್ನು ಇನ್ನಷ್ಟು ಆಳಕ್ಕೆ ನೂಕುತ್ತಿತ್ತು. ಆ ಯಂತ್ರದ ಹಾರಾಟವು ನಿಷೇಧಕ್ಕೊಳಗಾಯಿತು. ಮಿನ್ಯೆ ರೆಕ್ಕೆಗಳ ಅಂತರವನ್ನೂ ಆಕಾರವನ್ನೂ ತಿದ್ದಿ, ಅದೇ ತತ್ತ್ವದ ಮೇಲೆ ಹೊಸ ಯಂತ್ರಗಳನ್ನು ರಚಿಸುತ್ತಲೇ ಹೋದನು. ಅವು ಸುರಕ್ಷಿತವಾಗಿ ಹಾರಿದವು. ಆದರೆ ಜನರ ಉತ್ಸಾಹವು ಹಳೆಯ ಪ್ರಮಾಣಕ್ಕೆ ಮರಳಲಿಲ್ಲ.

ಯಂತ್ರದ ಸರಳತೆಯನ್ನು ಅದರ ಬಿಡಿಭಾಗಗಳ ಸಂಖ್ಯೆಯಿಂದ ಅಳೆಯಲಾಗದೆಂಬುದೇ ಇದರಿಂದ ತಿಳಿಯಬೇಕಾದ ವಿಷಯ. ಮಿನ್ಯೆ ಕಡಮೆ ಮಾಡಿದ್ದು ಕಣ್ಣಿಗೆ ಕಾಣುವ ಕೀಲುಗಳನ್ನು. ಕಾಣದ ಗಾಳಿಯ ವ್ಯವಹಾರವು ಅದರಿಂದ ಜಟಿಲವೇ ಆಯಿತು. ಮುಂದೆ ಮನೆಯಲ್ಲಿ ವಿಮಾನ ಕಟ್ಟುವ ಹವ್ಯಾಸವು, ವಿಶೇಷವಾಗಿ 1953ರಲ್ಲಿ ಪಾಲ್ ಪೊಬೆರೆಜ್ನಿ ಅಮೆರಿಕದಲ್ಲಿ ಸ್ಥಾಪಿಸಿದ ಹವ್ಯಾಸಿಗಳ ಸಂಘದ ಆಶ್ರಯದಲ್ಲಿ, ಮತ್ತೆ ಚಿಗುರಿದಾಗ ಅದರೊಡನೆ ಶಿಸ್ತೊಂದು ಬೆಳೆಯಿತು. ಅಮೆರಿಕದ ನಿಯಮದಂತೆ ಕೆಲಸದ ಹೆಚ್ಚಿನ ಪಾಲು ಹವ್ಯಾಸಿಯ ಕೈಯಿಂದಲೇ ಆಗಬೇಕು. ಸಿದ್ಧವಾದ ವಿಮಾನವು ಗೊತ್ತುಪಡಿಸಿದ ಪ್ರದೇಶದೊಳಗೆ ಪರೀಕ್ಷಾರ್ಥವಾಗಿ ಹಾರಿ ತನ್ನ ಗುಣಾವಗುಣಗಳನ್ನು ತೋರಿಸಬೇಕು. ಈ ಪರಂಪರೆಯಲ್ಲಿಯೇ ಬರ್ಟ್ ರುಟಾನ್ ಫೋಮ್ ಮತ್ತು ಗಾಜಿನ ನಾರಿನಿಂದ ಲಾಂಗ್-ಈಜೀ ಎಂಬ ವಿಮಾನವನ್ನು ರೂಪಿಸಿದನು. ಅದಕ್ಕೂ ಮುಂದೊಂದು ಹಿಂದೊಂದು ರೆಕ್ಕೆಗಳುಂಟು; ಆದರೆ ವೇಗ ತಗ್ಗಿದಾಗ ಮುಂದಿನ ಕಿರಿಯದೇ ಮೊದಲು ಎತ್ತುಬಲವನ್ನು ಕಳೆದುಕೊಂಡು, ಮೂಗು ತಾನಾಗಿ ತಗ್ಗಿ ವೇಗವನ್ನು ಮರಳಿ ಗಳಿಸುವಂತೆ ಅವುಗಳನ್ನು ಲೆಕ್ಕ ಹಾಕಿ ಹೊಂದಿಸಲಾಗಿದೆ. ನಮ್ಮ ಬೆಂಗಳೂರಿನ ಎನ್‌ಎಎಲ್ ಎಂಬ ವೈಮಾನಿಕ ಪ್ರಯೋಗಾಲಯವು ಹವ್ಯಾಸಿಗಳ ಈ ವಿನ್ಯಾಸವನ್ನೇ ಆಧರಿಸಿ ಸಂಶೋಧನೆಯ ವಿಮಾನವೊಂದನ್ನು ಕಟ್ಟಿ, 1987ರಲ್ಲಿ ಹಾರಿಸಿತು. ಸಂಯುಕ್ತ ವಸ್ತುಗಳಿಂದಲೇ ಆದ, ಅದೇ ಪ್ರಯೋಗಾಲಯದ 'ಹಂಸ' ತರಬೇತಿ ವಿಮಾನವು 1993ರಲ್ಲಿ ಆಕಾಶವನ್ನು ಸೇರಿತು.

ಅಲ್ಪವ್ಯಯದ ಹಾರಾಟವು ಆದುದರಿಂದ ಅಸಾಧ್ಯವಾದ ಆಸೆಯೇನೂ ಅಲ್ಲ. ಕೂಲಿಯನ್ನು ಉಳಿಸಬಹುದು, ಅಲಂಕಾರವನ್ನು ಬಿಡಬಹುದು, ಎಂಜಿನನ್ನು ಕಿರಿದಾಗಿಸಬಹುದು. ಪರೀಕ್ಷೆಯೊಂದರಲ್ಲಿ ಮಾತ್ರ ಮಿತವ್ಯಯವು ಸಲ್ಲದು.