ಪಾರ್ಕಿಂಗ್‌ನಲ್ಲಿ ಹರಿದ ಟೈಗ್ರಿಸ್: ಪುಣೆಯ ಕನ್ನಡ ಮಕ್ಕಳಿಗೊಂದು ಮಹಾಯುದ್ಧದ ಪಾಠ

ಭಾನುವಾರ ಬೆಳಿಗ್ಗೆ ನಮ್ಮ ಸೊಸೈಟಿಯ ಮಕ್ಕಳಿಗೆ ಕನ್ನಡ ಕಲಿಸುವ ಕೆಲಸ ನನ್ನ ಪಾಲಿಗೆ ಬಂದು ಮೂರು ವರ್ಷವಾಯಿತು. ಒಟ್ಟು ಹನ್ನೊಂದು ಮಕ್ಕಳು. ಐದನೇ ತರಗತಿಯವರೂ ಇದ್ದಾರೆ, ಹತ್ತನೇ ತರಗತಿಯವರೂ ಇದ್ದಾರೆ. ಮನೆಯಲ್ಲಿ ಧಾರವಾಡ, ಕಲಬುರಗಿ, ಉಡುಪಿ, ಮೈಸೂರಿನ ಕನ್ನಡ, ಲಿಫ್ಟಿನಲ್ಲಿ ಮರಾಠಿ, ಆಟದಲ್ಲಿ ಹಿಂದಿ, ಜಗಳಕ್ಕೆ ಇಂಗ್ಲಿಷ್. ಕಾಗುಣಿತ ದಾಟಿದವರಿಗೆ ಓದಲು, ಮಾತಾಡಲು ಏನಾದರೂ ಬೇಕಲ್ಲ ಎಂದು ತಿಂಗಳಿಗೊಂದು ವಿಷಯ ಇಟ್ಟುಕೊಳ್ಳುತ್ತೇವೆ. ಕಳೆದ ಮಳೆಗಾಲದಲ್ಲಿ ಬಂದ ವಿಷಯ ಮೊದಲನೆಯ ಮಹಾಯುದ್ಧ.

ಅದನ್ನು ಆರಿಸಿದ್ದು ನಾನಲ್ಲ. ಹತ್ತನೇ ತರಗತಿಯ ಹುಡುಗನೊಬ್ಬ ಕೇಳಿದ: "ಅಂಕಲ್, ಯುದ್ಧದಿಂದ ಭಾರತದಲ್ಲಿ ಬೆಲೆಗಳು ದುಪ್ಪಟ್ಟಾದವು, ಹಳ್ಳಿಗಳಿಂದ ಜನರನ್ನು ಬಲವಂತವಾಗಿ ಸೈನ್ಯಕ್ಕೆ ಸೇರಿಸಿದರು ಅಂತ ನಮ್ಮ ಪುಸ್ತಕದಲ್ಲಿ ಇದೆ. ಆದ್ರೆ ಸೇರಿಸಿ ಎಲ್ಲಿಗೆ ಕಳಿಸಿದ್ರು?"

ಎಂ.ಟೆಕ್. ಓದಿದ ನನಗೆ ಉತ್ತರ ಗೊತ್ತಿರಲಿಲ್ಲ. ಮುಂದಿನ ವಾರ ಹೇಳ್ತೀನಿ ಅಂದೆ. ಕಾರ್ಪೊರೇಟ್ ಅಭ್ಯಾಸ ನೋಡಿ, ಆ ವಾರ ಕೂತು ನಲವತ್ತು ಸ್ಲೈಡ್ ಮಾಡಿದೆ. ಮಾರ್ನ್, ಗಲಿಪೊಲಿ, ವರ್ಡನ್, ಸೋಮ್ ಎಲ್ಲವೂ ಬಂದವು. ಕೆಂಪು ಬಾಣ ಬಲಕ್ಕೆ, ನೀಲಿ ಬಾಣ ಎಡಕ್ಕೆ. ಬಾಣ ಮುಂದೆ ಹೋದಾಗಲೆಲ್ಲ ಚಿಕ್ಕವರು ಸಿಕ್ಸರ್ ಹೊಡೆದಂತೆ ಕೂಗಿದರು. ಕೊನೆಗೆ ಒಂದೇ ಪ್ರಶ್ನೆ: "ಯಾರು ಗೆದ್ರು?" ಸೋಮ್ ಕದನದ ಮೊದಲ ದಿನವೇ ಬ್ರಿಟಿಷರ ಕಡೆ ಸುಮಾರು 19,000 ಜನ ಸತ್ತರು ಎಂದೆ. "ಓಹ್" ಎಂದು ಮುಂದಿನ ಸ್ಲೈಡ್ ಕೇಳಿದರು. ತಪ್ಪು ಮಕ್ಕಳದ್ದಲ್ಲ. ಮೊಬೈಲ್ ಆಟದಲ್ಲಿ ಸತ್ತವರು ಮೂವತ್ತು ಸೆಕೆಂಡಿಗೆ ಎದ್ದು ಬರುತ್ತಾರೆ. ನನ್ನ ಸ್ಲೈಡ್‌ಗಳೂ ಆ ಆಟದ ಹಾಗೇ ಇದ್ದವು.

ಆ ತರಗತಿಯಲ್ಲಿ ಸುಮ್ಮನೆ ಕೂತು ನೋಟ್ಸ್ ಬರೆದುಕೊಂಡವಳು ಒಬ್ಬಳೇ, ಒಂಬತ್ತನೇ ತರಗತಿಯ ಹುಡುಗಿ. ಅವಳಿಗೆ ಖಡಕವಾಸ್ಲಾದ ಎನ್‌ಡಿಎ ಸೇರಬೇಕು. 2022ರಿಂದ ಅಲ್ಲಿ ಹೆಣ್ಣುಮಕ್ಕಳಿಗೂ ಪ್ರವೇಶವಿದೆ. ತರಗತಿ ಮುಗಿದ ಮೇಲೆ ಅವಳ ತಾಯಿ ನನ್ನನ್ನು ನಿಲ್ಲಿಸಿ ಹೇಳಿದರು: "ಸರ್, ಸೈನ್ಯ ಬೇಡ ಅಂತ ನಾನು ಹೇಳ್ತಿಲ್ಲ. ಆದ್ರೆ ಬರೀ ಬ್ಯಾಂಡು, ಯೂನಿಫಾರ್ಮು ನೋಡಿ ಹೋಗೋದು ಬೇಡ. ಹೇಳೋದಾದ್ರೆ ಪೂರ್ತಿ ಹೇಳಿ."

ಪೂರ್ತಿ ಹೇಳುವುದು ಹೇಗೆ? ಎಲ್ಲ ಕದನಗಳನ್ನೂ ಬಿಟ್ಟೆ. ಒಂದೇ ಒಂದು ದಂಡಯಾತ್ರೆ ಸಾಕು, ಅದೂ ಪುಣೆಯಿಂದ ಹೊರಟದ್ದು ಎಂದು ತೀರ್ಮಾನಿಸಿದೆ.

ಪುಣೆಯಿಂದ ಬಸ್ರಾಕ್ಕೆ

ಆಗಿನ ಬ್ರಿಟಿಷ್ ಇಂಡಿಯನ್ ಸೈನ್ಯದಲ್ಲಿ 6ನೇ ಪೂನಾ ಡಿವಿಜನ್ ಎಂಬುದಿತ್ತು. 1914ರ ಅಕ್ಟೋಬರಿನಲ್ಲಿ ಅದರ ಒಂದು ಬ್ರಿಗೇಡ್ ಮುಂಬೈಯಿಂದ ಹಡಗು ಹತ್ತಿತು. ನವೆಂಬರ್ 6ರಂದು ಪರ್ಷಿಯನ್ ಕೊಲ್ಲಿಯ ತುದಿಯ ಫಾವ್‌ನಲ್ಲಿ ಇಳಿಯಿತು. ಅದು ಇಂದಿನ ಇರಾಕ್, ಆಗ ತುರ್ಕರ ಆಟೊಮನ್ ಸಾಮ್ರಾಜ್ಯದ ಭಾಗ. ಹತ್ತಿರದ ಅಬಾದಾನ್‌ನಲ್ಲಿ ಎಣ್ಣೆ ಶುದ್ಧೀಕರಣದ ಕಾರ್ಖಾನೆ ಇತ್ತು. ಆ ಕಂಪನಿಯ ಹೆಚ್ಚಿನ ಪಾಲನ್ನು ಬ್ರಿಟಿಷ್ ಸರ್ಕಾರ ಅದೇ ವರ್ಷ ಕೊಂಡಿತ್ತು. ಎಣ್ಣೆ ಮತ್ತು ಕೊಲ್ಲಿಯ ಕಾವಲು, ಇಷ್ಟೇ ಮೊದಲಿನ ಕೆಲಸ.

ಐಟಿಯವರಿಗೆ ಮುಂದಿನ ಕಥೆ ಬಿಡಿಸಿ ಹೇಳಬೇಕಿಲ್ಲ. ಎಣ್ಣೆ ಕಾಯಲು ಬಸ್ರಾ ಬೇಕು; ನವೆಂಬರಿನಲ್ಲೇ ಬಸ್ರಾ ಸಿಕ್ಕಿತು. ಬಸ್ರಾ ಕಾಯಲು ಕುರ್ನಾ. ಡಿಸೆಂಬರಿನಲ್ಲಿ ಅದೂ ಬಂತು. ಮುಂದಿನ ವರ್ಷ ಜೂನ್‌ನಲ್ಲಿ ಅಮಾರಾ, ಸೆಪ್ಟೆಂಬರ್ ಕೊನೆಗೆ ಕೂಟ್. ಇಷ್ಟು ಬಂದ ಮೇಲೆ ಬಾಗ್ದಾದ್ ಯಾಕೆ ಬಿಡಬೇಕು? ಡಿವಿಜನ್ನಿನ ಮುಖ್ಯಸ್ಥ ಜನರಲ್ ಟೌನ್‌ಶೆಂಡ್ ಸೈನ್ಯ ಸಾಲದು ಎಂದು ಸಂಶಯ ತಿಳಿಸಿದ್ದರು. ಮೇಲಿನ ಜನರಲ್ ನಿಕ್ಸನ್ ಮುಂದೆ ಹೋಗಿ ಎಂದರು. ಪ್ರತಿ ಹೆಜ್ಜೆಗೂ ಒಂದು ಕಾರಣ ಇತ್ತು. ಎಲ್ಲ ಹೆಜ್ಜೆ ಕೂಡಿಸಿ ಲೆಕ್ಕ ಹಾಕಿದವರು ಮಾತ್ರ ಯಾರೂ ಇರಲಿಲ್ಲ.

ಬಿಸ್ಕತ್ತಿನ ಲೆಕ್ಕ

ಇದನ್ನು ಹೇಳಿದರೆ ಮಕ್ಕಳಿಗೆ ಮತ್ತೆ ಬಾಣವೇ ಕಾಣುತ್ತದೆ. ಹೊರಗೆ ಜೋರು ಮಳೆ ಬೇರೆ. ಬೇಸ್‌ಮೆಂಟ್ ಪಾರ್ಕಿಂಗ್‌ಗೆ ಇಳಿದೆವು. ಸೀಮೆಸುಣ್ಣದಲ್ಲಿ ಟೈಗ್ರಿಸ್ ನದಿಯನ್ನು ಬೇಕಂತಲೇ ಡೊಂಕುಡೊಂಕಾಗಿ ಎಳೆದೆ. ಗೇಟು ಬಸ್ರಾ. ಮೊದಲ ಕಂಬ ಕುರ್ನಾ, ಎರಡನೆಯದು ಅಮಾರಾ, ಮೂರನೆಯದು ಕೂಟ್, ನಾಲ್ಕನೆಯದು ಟೆಸಿಫಾನ್, ಆಮೇಲೆ ಲಿಫ್ಟು ಬಾಗ್ದಾದ್. ದೂರ ಅಳತೆಗೆ ಸರಿಯಲ್ಲ, ಸಾಲು ಸರಿ.

ಆರು ಮಕ್ಕಳು ದೋಣಿಗಳು. ನಾಲ್ಕು ಚಿಕ್ಕವರು ಸೈನಿಕರು. ಎನ್‌ಡಿಎ ಹುಡುಗಿ ಕಮಾಂಡರ್. ನಾನು ಸೀಟಿ ಊದಿದಾಗ ದೋಣಿ ಒಂದು ಕಂಬ ದಾಟಬೇಕು. ಒಂದು ದೋಣಿಯಲ್ಲಿ ಎರಡೇ ಬಿಸ್ಕತ್ತು. ಪ್ರತಿ ಸೈನಿಕನಿಗೆ ಎರಡು ಸೀಟಿಗೊಂದು ಬಿಸ್ಕತ್ತು.

ಕುರ್ನಾದಲ್ಲಿ ಹಬ್ಬ. ಹೋಗಿ ಬರಲು ಎರಡೇ ಸೀಟಿ. ನಾಲ್ಕು ಬೇಕಾದಲ್ಲಿ ಹನ್ನೆರಡು ಬಂದವು. ಸೈನಿಕರು "ಮುಂದೆ ಹೋಗೋಣ" ಎಂದು ಕುಣಿದರು. ಅಮಾರಾದಲ್ಲೂ ಮಿಕ್ಕಿತು. ಕೂಟ್‌ಗೆ ಹೋಗಿ ಬರಲು ಆರು ಸೀಟಿ. ಹನ್ನೆರಡು ಬೇಕು, ಹನ್ನೆರಡು ಬಂದವು. ಅಲ್ಲಿಗೆ ಸರಿಯಾಯಿತು. ಕಮಾಂಡರ್ ಒಂದು ಕ್ಷಣ ಯೋಚಿಸಿ, ಬಾಗ್ದಾದ್ ಹತ್ತಿರವೇ ಇದೆಯಲ್ಲ ಎಂದು ಟೆಸಿಫಾನ್‌ಗೆ ನಡೆಸಿದಳು. ಎಂಟು ಸೀಟಿಗೆ ಹದಿನಾರು ಬೇಕಿತ್ತು. ಬಂದದ್ದು ಅದೇ ಹನ್ನೆರಡು. ಆಮೇಲೆ ನಾನು ಒಂದು ನಿಯಮ ಸೇರಿಸಿದೆ: ಗಾಯಾಳುಗಳನ್ನು ಇದೇ ದೋಣಿಯಲ್ಲಿ ವಾಪಸ್ ಒಯ್ಯಬೇಕು, ಹತ್ತಿಸಿಕೊಳ್ಳಲು ಒಂದು ಸೀಟಿ ಹೆಚ್ಚು. ಕಂಬಕ್ಕೆ ಒರಗಿ ಕೂತ ಐದನೇ ತರಗತಿಯ ಸೈನಿಕ ಕನ್ನಡ ಮರೆತು ಮರಾಠಿಯಲ್ಲೇ ಕೂಗಿದ: "ಅಂಕಲ್, ಭೂಕ್ ಲಾಗ್ಲಿ!"

ಯಾರೂ ನಗಲಿಲ್ಲ ಎಂದರೆ ಸುಳ್ಳಾಗುತ್ತದೆ, ಎಲ್ಲರೂ ನಕ್ಕರು. ನಕ್ಕು ಮುಗಿದ ಮೇಲೆ ಅಲ್ಲೇ ನೆಲದ ಮೇಲೆ ಕೂರಿಸಿ ನಿಜವಾಗಿ ಆದದ್ದನ್ನು ಹೇಳಿದೆ.

1915ರ ನವೆಂಬರ್ 22ರಂದು ಟೆಸಿಫಾನ್ ಕದನ ಶುರುವಾಯಿತು. ಪೂನಾ ಡಿವಿಜನ್ನಿನಲ್ಲಿ ಸತ್ತವರು, ಗಾಯಗೊಂಡವರು ಸೇರಿ ನಾಲ್ಕು ಸಾವಿರಕ್ಕೂ ಹೆಚ್ಚು. ಗಾಯಾಳುಗಳನ್ನು ಸ್ಪ್ರಿಂಗ್ ಇಲ್ಲದ ಗಾಡಿಗಳಲ್ಲಿ ನದಿಗೆ ತಂದು, ಸರಕಿನ ದೋಣಿಗಳಲ್ಲಿ ತುಂಬಿ ಬಸ್ರಾಕ್ಕೆ ಕಳಿಸಿದರು. ಉಳಿದವರು ಕೂಟ್‌ಗೆ ಹಿಂದಿರುಗಿದರು. ಡಿಸೆಂಬರ್ 7ರಂದು ತುರ್ಕರು ಊರನ್ನು ಸುತ್ತುಗಟ್ಟಿದರು. ಒಳಗೆ 103, 110, 117ನೇ ಮರಾಠಾ ದಳಗಳಿದ್ದವು, ಪಂಜಾಬಿಗಳು, ರಜಪೂತರು, ಗೂರ್ಖಾಗಳು ಇದ್ದರು. ನಾವು ದಿನಾ ದಾಟುವ ಖಡಕಿಯ ಬಾಂಬೆ ಸ್ಯಾಪರ್ಸ್ ತುಕಡಿಗಳೂ ಇದ್ದವು.

ಮುತ್ತಿಗೆ ಸುಮಾರು ಐದು ತಿಂಗಳು ನಡೆಯಿತು. ಹಿಟ್ಟು ಮುಗಿಯುತ್ತ ಬಂದಂತೆ ಕುದುರೆಗಳನ್ನು ಕಡಿದು ತಿನ್ನಲು ಕೊಟ್ಟರು. ಬಹಳ ಭಾರತೀಯ ಸಿಪಾಯಿಗಳು ಮುಟ್ಟಲಿಲ್ಲ. ಧರ್ಮಗುರುಗಳ ಅನುಮತಿಯನ್ನು ಭಾರತದಿಂದ ತರಿಸಿ ತಿಳಿಸಿದರೂ ಎಷ್ಟೋ ಜನ ತಿಂಗಳುಗಟ್ಟಲೆ ಒಪ್ಪಲಿಲ್ಲ. ಬಿಡಿಸಲು ಬಂದ ಸೈನ್ಯ ನಾಲ್ಕು ತಿಂಗಳು ಹೋರಾಡಿ ಸುಮಾರು 23,000 ಸಾವುನೋವು ಅನುಭವಿಸಿತು, ಒಳಗಿದ್ದವರಿಗಿಂತ ಹೆಚ್ಚು. ವಿಮಾನದಿಂದ ಹಿಟ್ಟಿನ ಚೀಲ ಎಸೆದರು. ಏಪ್ರಿಲ್ ಕೊನೆಗೆ 'ಜುಲ್ನಾರ್' ಎಂಬ ಹಡಗಿನಲ್ಲಿ 270 ಟನ್ ಆಹಾರ ತುಂಬಿ ರಾತ್ರಿ ಕಳಿಸಿದರು. ಅದು ದಾರಿಯಲ್ಲೇ ತುರ್ಕರ ಕೈಸೇರಿತು. 1916ರ ಏಪ್ರಿಲ್ 29ರಂದು ಸುಮಾರು 13,000 ಜನ ಶರಣಾದರು. ಹೆಚ್ಚಿನವರು ಭಾರತೀಯರು. ಮರುಭೂಮಿಯ ನಡಿಗೆಯಲ್ಲೂ ಸೆರೆಯಲ್ಲೂ ಸತ್ತವರು ಸಾವಿರಾರು.

"ಟೌನ್‌ಶೆಂಡ್ ಆಗಲ್ಲ ಅನ್ನಬಹುದಿತ್ತಾ?" ಎಂದು ಕಮಾಂಡರ್ ಕೇಳಿದಳು. ಸುಲಭದ ಉತ್ತರವಿಲ್ಲ ಎಂದೆ. ನಾನೇ ಒಮ್ಮೆ ಆಫೀಸಿನಲ್ಲಿ ಆಗಲ್ಲ ಅನ್ನಬೇಕಾದಲ್ಲಿ "ನೋಡೋಣ" ಅಂದು, ಇಡೀ ತಂಡ ಆರು ವಾರ ರಾತ್ರಿ ನಿದ್ದೆಗೆಟ್ಟಿತ್ತು. ಅಲ್ಲಿ ಹೋದದ್ದು ನಿದ್ದೆ ಮಾತ್ರ. ಆಫೀಸಿಗೂ ಯುದ್ಧಕ್ಕೂ ಹೋಲಿಕೆ ಅಲ್ಲಿಗೇ ನಿಲ್ಲಬೇಕು ಎಂದೂ ಹೇಳಿದೆ.

ಬೆಳಗಾವಿ, ಅದೇ ವಾರ

ಸೊಸೈಟಿಯಲ್ಲಿ ಬೆಳಗಾವಿ ಕಡೆಯ ಅಜ್ಜ ಒಬ್ಬರಿದ್ದಾರೆ. ಪಾರ್ಕಿಂಗ್‌ನಲ್ಲಿ ಗದ್ದಲ ಕೇಳಿ ಬಂದು, "ಯಾರದೋ ಯುದ್ಧ, ನಮ್ಮ ಹುಡುಗರಿಗೆ ಯಾಕ್ರೀ ಇದೆಲ್ಲಾ?" ಎಂದರು. ಅವರಿಗೆ ಮಾತಿನಲ್ಲಿ ಹೇಳುವ ಬದಲು ಹಲಗೆಯ ಮೇಲೆ ಎರಡು ತಾರೀಖು ಬರೆದೆ.

ಕೂಟ್‌ನಲ್ಲಿ ಪೂನಾ ಡಿವಿಜನ್ ಕೊನೆಯ ಹಿಟ್ಟು ಹಂಚಿಕೊಳ್ಳುತ್ತಿದ್ದ ಅದೇ ವಾರ, 1916ರ ಏಪ್ರಿಲ್ ಕೊನೆಗೆ, ಪುಣೆಯ ಲೋಕಮಾನ್ಯ ತಿಲಕರು ಬೆಳಗಾವಿಯಲ್ಲಿ ಹೋಮ್ ರೂಲ್ ಲೀಗ್ ಕಟ್ಟಿದರು. ಸೋಲಿನ ವಿಚಾರಣೆಗೆ ಬ್ರಿಟನ್ ಒಂದು ಆಯೋಗ ನೇಮಿಸಿತು. 1917ರಲ್ಲಿ ಅದರ ವರದಿ ಬಂದಾಗ ಭಾರತ ಖಾತೆಯ ಮಂತ್ರಿ ಆಸ್ಟಿನ್ ಚೇಂಬರ್ಲಿನ್ ರಾಜೀನಾಮೆ ಕೊಟ್ಟರು. ಆ ಜಾಗಕ್ಕೆ ಬಂದವರು ಎಡ್ವಿನ್ ಮಾಂಟೆಗ್ಯು. ಆಗಸ್ಟ್ 20ರಂದು ಭಾರತಕ್ಕೆ ಹಂತಹಂತವಾಗಿ ಜವಾಬ್ದಾರಿ ಸರ್ಕಾರ ಕೊಡುವ ಘೋಷಣೆ ಮಾಡಿದವರು ಅವರೇ. ನಮ್ಮ ಪಠ್ಯಗಳ ಮಾಂಟೆಗ್ಯು-ಚೆಲ್ಮ್ಸ್‌ಫರ್ಡ್ ಸುಧಾರಣೆಗೆ ದಾರಿಯಾದದ್ದು ಅದೇ ಘೋಷಣೆ. ಕೂಟ್ ಒಂದರಿಂದಲೇ ಇದೆಲ್ಲ ಆಯಿತೆಂದಲ್ಲ. ಆದರೆ ಆ ಮಂತ್ರಿಯ ಕುರ್ಚಿ ಖಾಲಿಯಾದದ್ದು ಟೈಗ್ರಿಸ್ ದಡದ ತಪ್ಪು ಲೆಕ್ಕದಿಂದ. ಅಜ್ಜ ಹಲಗೆ ನೋಡಿ, "ಹಂಗಂದ್ರ ನಮ್ಮ ಊರಿನ ಮಾತೂ ಇದರಾಗ ಬರತೈತಿ" ಎಂದು ಕುರ್ಚಿ ಎಳೆದು ಕೂತರು. ಇಂದಿನ ಮರಾಠಾ ಲೈಟ್ ಇನ್‌ಫಂಟ್ರಿಯ ತರಬೇತಿ ಕೇಂದ್ರ ಬೆಳಗಾವಿಯಲ್ಲೇ ಇದೆ. ಆ 103, 110, 117ನೇ ದಳಗಳು ಅದರ ಹಿಂದಿನ ತಲೆಮಾರು.

ಹೈಫಾ, ಹರಿತಾನ್

ಮೈಸೂರಿನ ಕುಟುಂಬದ ಮಕ್ಕಳು ಬಿಡಬೇಕಲ್ಲ. "ನಾವು ಗೆದ್ದದ್ದು ಇಲ್ವಾ?" ಇದೆ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಮೈಸೂರು ಮತ್ತು ಜೋಧಪುರ ಲಾನ್ಸರ್ಸ್ ಕುದುರೆ ಮೇಲೆ, ಈಟಿ ಹಿಡಿದು ವಶಪಡಿಸಿಕೊಂಡರು. ಮೈಸೂರಿನವರು ಕಾರ್ಮೆಲ್ ಬೆಟ್ಟ ಹತ್ತಿ ತೋಪುಗಳ ಮೇಲೆ ಬಿದ್ದರು. ಜೋಧಪುರದವರು ಊರೊಳಗೆ ನುಗ್ಗಿದರು. ಅವರ ಮೇಜರ್ ದಲಪತ್ ಸಿಂಗ್ ಅಲ್ಲೇ ಮಡಿದರು. ಸೆರೆ ಸಿಕ್ಕವರು 1,350. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಮೈಸೂರು, ಜೋಧಪುರ, ಹೈದರಾಬಾದ್ ಲಾನ್ಸರ್ಸ್‌ಗೆ ಸಂದವು.

ವಾಟ್ಸಾಪಿನಲ್ಲಿ ಪ್ರತಿ ಸೆಪ್ಟೆಂಬರಿಗೆ ಬರುವ ಕಥೆ ಇಲ್ಲಿಗೆ ಮುಗಿಯುತ್ತದೆ. ನಾವು ಎರಡು ವಿಷಯ ಸೇರಿಸಿದೆವು. ಒಂದು, ಹೈಫಾ ಯಾಕೆ ಬೇಕಿತ್ತು? ಅದು ಬಂದರು, ಉತ್ತರಕ್ಕೆ ಓಡುತ್ತಿದ್ದ ಸೈನ್ಯಕ್ಕೆ ಆಹಾರ ಇಳಿಸಲು ಜಾಗ ಬೇಕಿತ್ತು. ಕೂಟ್‌ನಲ್ಲಿ ಕಲಿಯದ ಪಾಠವನ್ನು ಇಲ್ಲಿ ಕಲಿತಿದ್ದರು. ಎರಡು, ಅಕ್ಟೋಬರ್ 26ರಂದು ಅಲೆಪ್ಪೊ ಆಚೆಯ ಹರಿತಾನ್‌ನಲ್ಲಿ ಇದೇ ಎರಡು ದಳಗಳು ತಮಗಿಂತ ಬಹಳ ದೊಡ್ಡ ಪಡೆಯ ಮೇಲೆ ನುಗ್ಗಿ ಹಿಮ್ಮೆಟ್ಟಬೇಕಾಯಿತು. ಅಲ್ಲಿ ಸತ್ತವರು ಹೈಫಾಕ್ಕಿಂತ ಹೆಚ್ಚು. ನಾಲ್ಕು ದಿನಕ್ಕೆ ತುರ್ಕರೊಡನೆ ಕದನವಿರಾಮವಾಯಿತು. ಹರಿತಾನ್‌ಗೆ ವಾಟ್ಸಾಪ್ ಸಂದೇಶ ಬರುವುದಿಲ್ಲ. ಅದೇ ಕುದುರೆಗಳು, ಅದೇ ಧೈರ್ಯ.

ಹೆಸರು, ಸಂಖ್ಯೆ

ಕೊನೆಯ ಭಾನುವಾರ ಮಳೆ ನಿಂತಿತ್ತು. ಖಡಕಿಯ ಯುದ್ಧ ಸ್ಮಶಾನಕ್ಕೆ ಹೋದೆವು. ಎರಡನೆಯ ಮಹಾಯುದ್ಧದ 1,600ಕ್ಕೂ ಹೆಚ್ಚು ಸಮಾಧಿಗಳು ಸಾಲಾಗಿವೆ. ಮೊದಲನೆಯ ಯುದ್ಧಕಾಲದಲ್ಲಿ ಭಾರತದಲ್ಲಿ ಸತ್ತ 1,800ಕ್ಕೂ ಹೆಚ್ಚು ಜನರ ಹೆಸರು ಸ್ಮಾರಕದ ಮೇಲಿವೆ. ಮಕ್ಕಳು ಓಡಾಡಿ ವಯಸ್ಸು ಓದಿದರು. ಹತ್ತೊಂಬತ್ತು, ಇಪ್ಪತ್ತೊಂದು, ಇಪ್ಪತ್ತು. ಓದಿದ ಹೆಸರುಗಳಲ್ಲಿ ಹೆಚ್ಚಿನವು ಇಂಗ್ಲಿಷರವು. "ಕೂಟ್‌ಗೆ ಹೋದವರು ಎಲ್ಲಿ?" ಎಂದು ಮೊದಲ ಪ್ರಶ್ನೆ ಕೇಳಿದ್ದ ಹುಡುಗನೇ ಕೇಳಿದ.

ಸಮಾಧಿ ಗೊತ್ತಿಲ್ಲದವರ ಸ್ಮಾರಕ ಬಸ್ರಾದಲ್ಲಿದೆ, 40,000ಕ್ಕೂ ಹೆಚ್ಚು ಜನರದ್ದು. ಅದನ್ನು ಕಟ್ಟಿದಾಗ ಬ್ರಿಟಿಷ್ ಸೈನಿಕರ ಹೆಸರು ಕೆತ್ತಿದರು. ಭಾರತೀಯರಲ್ಲಿ ಅಧಿಕಾರಿಗಳಿಗೆ ಹೆಸರು. ಸಾಮಾನ್ಯ ಸಿಪಾಯಿಗಳಿಗೆ ರೆಜಿಮೆಂಟಿನ ಕೆಳಗೆ ಬರೀ ಸಂಖ್ಯೆ. ಈ ಅಸಮಾನತೆಗೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ 2021ರಲ್ಲಿ ಕ್ಷಮೆ ಕೇಳಿತು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಪುಸ್ತಕದಲ್ಲೂ ಹೆಸರಿಲ್ಲ ಅಲ್ವಾ" ಎಂದ.

ಓದುಗರೇ, ನೀವಿರುವ ಊರಲ್ಲೂ ಇಂಥ ಕಲ್ಲು ಇರಬಹುದು. ಬೆಂಗಳೂರಿಗೆ ರಜೆಗೆ ಹೋದರೆ ಬ್ರಿಗೇಡ್ ರಸ್ತೆಯ ತುದಿಯ ಮದ್ರಾಸ್ ಪಯೋನಿಯರ್ಸ್ ಸ್ಮಾರಕವನ್ನು ಶಾಪಿಂಗ್ ನಡುವೆ ಐದು ನಿಮಿಷ ನೋಡಿ. ಇಂಗ್ಲೆಂಡಿನಲ್ಲಿದ್ದರೆ ಬ್ರೈಟನ್ ಬಳಿಯ ಛತ್ರಿ ಇದೆ, ಫ್ರಾನ್ಸಿನಲ್ಲಿ ನವ್ ಶಾಪೆಲ್ ಇದೆ, ಸಿಂಗಾಪುರದಲ್ಲಿ ಎರಡನೆಯ ಯುದ್ಧದ ಕ್ರಾಂಜಿ ಇದೆ. ಮಕ್ಕಳಿಗೆ ಬಾಣ ತೋರಿಸುವ ಮೊದಲು ಅಲ್ಲಿಗೆ ಕರೆದೊಯ್ಯಿರಿ. ಯಾರು ಗೆದ್ದರು ಎಂದು ಅವರು ಕೇಳಿಯೇ ಕೇಳುತ್ತಾರೆ, ಕೇಳಲಿ. ಯಾಕೆ ಹೋದರು, ಏನು ತಿಂದರು, ಗಾಯವಾದರೆ ಹೇಗೆ ವಾಪಸ್ ಬಂದರು, ಈ ಮೂರು ಪ್ರಶ್ನೆಗಳನ್ನೂ ಜೊತೆಗೆ ಕಲಿಸಿ.

ನಮ್ಮ ಕಮಾಂಡರ್ ಎನ್‌ಡಿಎ ಆಸೆ ಬಿಟ್ಟಿಲ್ಲ. ತಾಯಿಯೂ ಈಗ ತಡೆಯುತ್ತಿಲ್ಲ. ಮೊನ್ನೆ ಲಿಫ್ಟಿನಲ್ಲಿ ಸಿಕ್ಕಾಗ ಹೇಳಿದಳು: "ಅಂಕಲ್, ಆ ಆಟ ಇನ್ನೊಂದ್ಸಲ ಆಡೋಣ. ಈ ಸಲ ನಾನು ಕೂಟ್‌ನಲ್ಲೇ ನಿಲ್ತೀನಿ. ಮೊದಲು ದೋಣಿ ಎಣಿಸ್ತೀನಿ."